ನಿಕಲ್ ಅದಿರು, ಚೀನಾ ಬಂಡವಾಳ, ಕಲ್ಲಿದ್ದಲ ಹೊಗೆ: ಇಂಡೋನೇಷ್ಯಾ ಬೆಳವಣಿಗೆಯ ಲೆಕ್ಕದಲ್ಲಿ ಬಿಟ್ಟುಹೋಗಿದ್ದೇನು?

ಕಚ್ಚಾ ಅದಿರು ಮಾರಬೇಡಿ, ನಮ್ಮ ನೆಲದಲ್ಲೇ ಕಾರ್ಖಾನೆ ಕಟ್ಟಿ ಎಂದು ಇಂಡೋನೇಷ್ಯಾ ಪಟ್ಟು ಹಿಡಿಯಿತು. ಕಾರ್ಖಾನೆಗಳು ಬಂದವು, ರಫ್ತು ಹೆಚ್ಚಾಯಿತು, ನಿಕಲ್ ಪ್ರಾಂತ್ಯಗಳ ಬೆಳವಣಿಗೆ ದರ ಏರಿತು. ಅದರ ಜೊತೆಗೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು, ಕೆಂಪಾದ ಸಮುದ್ರ ಮತ್ತು ಬರಿದಾದ ಗುಡ್ಡಗಳೂ ಬಂದವು. ಏಷ್ಯಾದ ಉಳಿದ ದೇಶಗಳು ಈ ಮಾದರಿಯನ್ನು ಕುತೂಹಲದಿಂದ ನೋಡುತ್ತಿರುವುದು ಏಕೆ? ಇಲ್ಲಿದೆ ವಿವರ.

ಮನೆಯ ಸ್ಟೀಲ್ ಪಾತ್ರೆಗಳಲ್ಲಿ ಹಲವಕ್ಕೆ ತುಕ್ಕು ಹಿಡಿಯದಂತೆ ಕಾಯುವುದರಲ್ಲಿ ನಿಕಲ್ ಲೋಹದ ಪಾತ್ರವಿದೆ. ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಹಲವು ಎಲೆಕ್ಟ್ರಿಕ್ ಸ್ಕೂಟರ್ ಮತ್ತು ಕಾರುಗಳ ಬ್ಯಾಟರಿಯಲ್ಲೂ ಇದೇ ಲೋಹವಿದೆ. ಜಗತ್ತಿನ ನಿಕಲ್‌ನಲ್ಲಿ ಸುಮಾರು ಮೂರನೇ ಎರಡು ಭಾಗ ಈಗಲೂ ಸ್ಟೇನ್‌ಲೆಸ್ ಸ್ಟೀಲ್‌ಗೆ ಹೋಗುತ್ತದೆ. ಬ್ಯಾಟರಿಗೆ ಹೋಗುವ ಪಾಲು ಕಳೆದ ಹತ್ತು ವರ್ಷಗಳಲ್ಲಿ ವೇಗವಾಗಿ ಏರಿದೆ.

ಈ ನಿಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಒಂದೇ ದೇಶದ ಗಣಿಗಳಿಂದ ಬರುತ್ತಿದೆ. 2024ರಲ್ಲಿ ಜಗತ್ತಿನ ಗಣಿಗಳಿಂದ ಬಂದ ನಿಕಲ್ ಸುಮಾರು 37 ಲಕ್ಷ ಟನ್. ಅದರಲ್ಲಿ ಇಂಡೋನೇಷ್ಯಾದ ಪಾಲು ಸುಮಾರು 22 ಲಕ್ಷ ಟನ್ ಎಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆ ಅಂದಾಜಿಸಿದೆ. ಮಧ್ಯಪ್ರಾಚ್ಯಕ್ಕೆ ತೈಲ ಹೇಗೋ, ಬ್ಯಾಟರಿ ಯುಗದಲ್ಲಿ ಇಂಡೋನೇಷ್ಯಾಗೆ ನಿಕಲ್ ಹಾಗೆ ಎಂಬ ಲೆಕ್ಕಾಚಾರ ಜಕಾರ್ತಾದಲ್ಲಿ ಶುರುವಾಗಿದ್ದು ಇದೇ ಕಾರಣಕ್ಕೆ.

ಅದಿರು ರಫ್ತು ನಿಷೇಧ: ಶುರುವಾಗಿದ್ದು ಹೇಗೆ?

ಗಣಿಗಾರಿಕೆ ಮಾಡುವವರು ಅದಿರನ್ನು ದೇಶದೊಳಗೇ ಸಂಸ್ಕರಿಸಬೇಕು ಎಂದು ಇಂಡೋನೇಷ್ಯಾ 2009ರಲ್ಲಿ ಕಾನೂನು ಮಾಡಿತು. ಐದು ವರ್ಷಗಳ ಗಡುವು ಮುಗಿದ ಮೇಲೆ 2014ರ ಜನವರಿಯಲ್ಲಿ ಕಚ್ಚಾ ನಿಕಲ್ ಅದಿರಿನ ರಫ್ತು ನಿಂತಿತು. 2017ರಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಬಳಿಕ ಅಧ್ಯಕ್ಷ ಜೋಕೊ ವಿಡೊಡೊ ಸರ್ಕಾರ 2020ರ ಜನವರಿ 1ರಿಂದ ಪೂರ್ಣ ನಿಷೇಧವನ್ನು ಮತ್ತೆ ಜಾರಿಗೆ ತಂದಿತು.

ಸರ್ಕಾರದ ವಾದ ಸರಳವಾಗಿತ್ತು. ಅದಿರು ಹಡಗು ಹತ್ತಿ ಹೋದರೆ ದೇಶಕ್ಕೆ ಸಿಗುವುದು ಮಣ್ಣಿನ ಬೆಲೆ ಮಾತ್ರ. ಅದನ್ನೇ ಕರಗಿಸಿ, ಸ್ಟೀಲ್ ಮಾಡಿ, ಬ್ಯಾಟರಿ ರಾಸಾಯನಿಕ ಮಾಡಿ ಮಾರಿದರೆ ಬೆಲೆ ಹಲವು ಪಟ್ಟು ಹೆಚ್ಚು. ಇಂಡೋನೇಷ್ಯಾದಲ್ಲಿ ಈ ನೀತಿಗೆ 'ಹಿಲಿರಿಸಾಸಿ' ಎಂಬ ಹೆಸರಿದೆ. 'ಹಿಲಿರ್' ಎಂದರೆ ನದಿಯ ಕೆಳಹರಿವಿನ ದಿಕ್ಕು. ಗಣಿಯಿಂದ ಸಿದ್ಧ ವಸ್ತುವಿನವರೆಗಿನ ಕೆಳಹಂತದ ಉದ್ಯಮಗಳೆಲ್ಲ ನಮ್ಮಲ್ಲೇ ಇರಲಿ ಎಂಬುದು ಇದರ ಅರ್ಥ.

ಯುರೋಪ್ ಸುಮ್ಮನಿರಲಿಲ್ಲ. ಯುರೋಪಿಯನ್ ಒಕ್ಕೂಟ 2019ರ ನವೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ನೀಡಿತು. 2022ರ ನವೆಂಬರ್‌ನಲ್ಲಿ ತೀರ್ಪು ಇಂಡೋನೇಷ್ಯಾ ವಿರುದ್ಧ ಬಂತು. ಆ ದೇಶ ಮೇಲ್ಮನವಿ ಸಲ್ಲಿಸಿತು. ಆದರೆ ನ್ಯಾಯಮಂಡಳಿಗೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದಿದ್ದರಿಂದ 2019ರ ಡಿಸೆಂಬರ್‌ನಿಂದಲೇ ಮೇಲ್ಮನವಿ ಮಂಡಳಿ ಕೆಲಸ ಮಾಡುತ್ತಿಲ್ಲ. ಹೀಗಾಗಿ ತೀರ್ಪು ಅಲ್ಲೇ ನಿಂತಿದೆ, ನಿಷೇಧ ಮುಂದುವರಿದಿದೆ.

ಹಣ ಬಂದಿದ್ದು ಎಲ್ಲಿಂದ?

ಉತ್ತರ ಒಂದೇ: ಚೀನಾ. ಇಂಡೋನೇಷ್ಯಾದ ಅದಿರನ್ನು ಅತಿ ಹೆಚ್ಚು ಕೊಳ್ಳುತ್ತಿದ್ದುದು ಚೀನಾದ ಸ್ಟೀಲ್ ಕಂಪನಿಗಳು. ಅದಿರು ಬರುವುದಿಲ್ಲ ಎಂದಾಗ ಅವು ಕಾರ್ಖಾನೆಯನ್ನೇ ಅದಿರಿನ ಬಳಿಗೆ ಒಯ್ದವು.

2013ರ ಅಕ್ಟೋಬರ್‌ನಲ್ಲಿ ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ ಜಕಾರ್ತಾಗೆ ಭೇಟಿ ನೀಡಿದಾಗ ಸುಲವೆಸಿ ದ್ವೀಪದ ಮೊರೊವಾಲಿಯಲ್ಲಿ ಕೈಗಾರಿಕಾ ಪ್ರದೇಶ ಕಟ್ಟುವ ಒಪ್ಪಂದಕ್ಕೆ ಸಹಿ ಬಿತ್ತು. ಚೀನಾದ ಸಿಂಗ್‌ಶಾನ್ ಸಮೂಹ ಮತ್ತು ಇಂಡೋನೇಷ್ಯಾದ ಬಿಂಟಾಂಗ್ ಡೆಲಾಪನ್ ಕಂಪನಿ ಇದರ ಪಾಲುದಾರರು. ಚೀನಾ ಡೆವಲಪ್‌ಮೆಂಟ್ ಬ್ಯಾಂಕ್‌ನಂಥ ಸರ್ಕಾರಿ ಬ್ಯಾಂಕ್‌ಗಳು ಸಾಲ ಕೊಟ್ಟವು. 2015ರಲ್ಲಿ ಮೊದಲ ಕುಲುಮೆ ಉದ್ಘಾಟನೆಯಾಯಿತು. ಮೀನುಗಾರರ ಹಳ್ಳಿಗಳಿದ್ದ ಆ ಕರಾವಳಿಯಲ್ಲಿ ಕೆಲವೇ ವರ್ಷಗಳಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಸಾಲು ಸಾಲು ಕುಲುಮೆಗಳು ಎದ್ದವು. 2018ರಲ್ಲಿ ಇದೇ ಮಾದರಿಯ ಇನ್ನೊಂದು ಕೈಗಾರಿಕಾ ಪ್ರದೇಶದ ಕೆಲಸ ಹಲ್ಮಹೇರಾ ದ್ವೀಪದ ವೇದಾ ಬೇಯಲ್ಲಿ ಆರಂಭವಾಯಿತು.

ಭಾರತದ ಹಣವೂ ಇಲ್ಲಿದೆ. ಜಿಂದಾಲ್ ಸ್ಟೇನ್‌ಲೆಸ್ ಕಂಪನಿ 2023ರಲ್ಲಿ ಹಲ್ಮಹೇರಾದ ನಿಕಲ್ ಕುಲುಮೆ ಯೋಜನೆಯೊಂದರಲ್ಲಿ ಶೇ 49ರಷ್ಟು ಪಾಲು ಪಡೆಯುವುದಾಗಿ ಘೋಷಿಸಿತು.

ಆದರೂ ಹಿಡಿತ ಯಾರದು ಎಂಬುದರಲ್ಲಿ ಅನುಮಾನವಿಲ್ಲ. ಇಂಡೋನೇಷ್ಯಾದ ನಿಕಲ್ ಸಂಸ್ಕರಣಾ ಸಾಮರ್ಥ್ಯದಲ್ಲಿ ಸುಮಾರು ಶೇ 75ರಷ್ಟು ಚೀನಾ ಕಂಪನಿಗಳ ನಿಯಂತ್ರಣದಲ್ಲಿದೆ ಎಂದು ಅಮೆರಿಕದ ಸಂಶೋಧನಾ ಸಂಸ್ಥೆ ಸಿ4ಎಡಿಎಸ್ 2025ರ ಫೆಬ್ರವರಿಯಲ್ಲಿ ವರದಿ ಮಾಡಿತು.

ಲಾಭ ಆಗಿದ್ದು ಎಷ್ಟು?

ಅಂಕಿಅಂಶಗಳನ್ನು ನೋಡಿದರೆ ನೀತಿ ಗೆದ್ದಂತೆಯೇ ಕಾಣುತ್ತದೆ. ನಿಷೇಧಕ್ಕೂ ಮುನ್ನ ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಇದ್ದ ನಿಕಲ್ ಉತ್ಪನ್ನಗಳ ರಫ್ತು 2022ರಲ್ಲಿ 3,000 ಕೋಟಿ ಡಾಲರ್ ದಾಟಿತು ಎಂದು ಸರ್ಕಾರ ಹೇಳುತ್ತದೆ. ಅಂದರೆ ಹತ್ತು ಪಟ್ಟು. 2021 ಮತ್ತು 2022ರಲ್ಲಿ ದೇಶದ ಚಾಲ್ತಿ ಖಾತೆ ಕೊರತೆಯಿಂದ ಹೆಚ್ಚುವರಿಗೆ ತಿರುಗಿತು. ಕಲ್ಲಿದ್ದಲು ಮತ್ತು ತಾಳೆ ಎಣ್ಣೆಯ ಏರಿದ ಬೆಲೆಯ ಜೊತೆಗೆ ನಿಕಲ್ ಕೂಡ ಇದಕ್ಕೆ ಕಾರಣವಾಗಿತ್ತು.

ಇಡೀ ಇಂಡೋನೇಷ್ಯಾದ ಆರ್ಥಿಕತೆ ವರ್ಷಕ್ಕೆ ಶೇ 5ರ ಆಸುಪಾಸಿನಲ್ಲಿ ಬೆಳೆಯುತ್ತಿದ್ದರೆ, 2022ರಲ್ಲಿ ವೇದಾ ಬೇ ಇರುವ ಉತ್ತರ ಮಲುಕು ಪ್ರಾಂತ್ಯ ಶೇ 20ಕ್ಕೂ ಹೆಚ್ಚು ಬೆಳೆಯಿತು. ಮೊರೊವಾಲಿ ಇರುವ ಮಧ್ಯ ಸುಲವೆಸಿ ಸುಮಾರು ಶೇ 15ರಷ್ಟು ಬೆಳೆಯಿತು. ಕುಲುಮೆಗಳಲ್ಲಿ ಹತ್ತಾರು ಸಾವಿರ ಮಂದಿಗೆ ಕೆಲಸ ಸಿಕ್ಕಿತು.

ಆದರೆ ಇನ್ನೊಂದು ಅಂಕಿ ಹೀಗಿದೆ. 2023ರ ಮಾರ್ಚ್‌ನಲ್ಲಿ ಇಡೀ ದೇಶದಲ್ಲಿ ಬಡವರ ಪ್ರಮಾಣ ಶೇ 9ರ ಸಮೀಪವಿದ್ದರೆ, ಮಧ್ಯ ಸುಲವೆಸಿಯಲ್ಲಿ ಅದು ಶೇ 12ರ ಮೇಲೆಯೇ ಇತ್ತು. ಎರಡಂಕಿಯ ಬೆಳವಣಿಗೆ ಕಂಡರೂ ಪ್ರಾಂತ್ಯದ ಬಡತನ ಅಷ್ಟಾಗಿ ಇಳಿಯಲಿಲ್ಲ.

ಜಿಡಿಪಿ ಏರಿದರೂ ಜೇಬು ತುಂಬದಿರುವುದು ಏಕೆ?

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಸಣ್ಣ ವ್ಯತ್ಯಾಸ ತಿಳಿದಿರಬೇಕು. ಜಿಡಿಪಿ ಎಣಿಸುವುದು ಸರಕು ಎಲ್ಲಿ ತಯಾರಾಯಿತು ಎಂಬುದನ್ನು. ಅದರ ಹಣ ಕೊನೆಗೆ ಯಾರಿಗೆ ಸೇರಿತು ಎಂಬುದನ್ನಲ್ಲ. ಮೊರೊವಾಲಿಯಲ್ಲಿ ತಯಾರಾದ ಒಂದು ಟನ್ ಸ್ಟೀಲ್ ಇಂಡೋನೇಷ್ಯಾದ ಜಿಡಿಪಿಗೆ ಸೇರುತ್ತದೆ. ಆದರೆ ಅದರ ಬೆಲೆಯಲ್ಲಿ ಒಂದು ಪಾಲು ಚೀನಾದಿಂದ ಬಂದ ಯಂತ್ರಕ್ಕೆ, ಒಂದು ಪಾಲು ಸಾಲದ ಬಡ್ಡಿಗೆ, ಇನ್ನೊಂದು ಪಾಲು ಹೂಡಿಕೆದಾರರ ಲಾಭಾಂಶವಾಗಿ ಹೊರಗೆ ಹೋಗುತ್ತದೆ. ದೇಶದಲ್ಲಿ ಉಳಿಯುವುದು ಕೂಲಿ, ಅದಿರಿನ ಬೆಲೆ, ಸ್ಥಳೀಯ ಪಾಲುದಾರರ ಲಾಭ ಮತ್ತು ತೆರಿಗೆ.

ಈ ತೆರಿಗೆಯಲ್ಲೇ ದೊಡ್ಡ ವಿನಾಯಿತಿ ಇದೆ. ಹೂಡಿಕೆಯ ಗಾತ್ರ ನೋಡಿ 5ರಿಂದ 20 ವರ್ಷಗಳವರೆಗೆ ಆದಾಯ ತೆರಿಗೆಗೆ ರಜೆ ಕೊಡುವ ನಿಯಮ ಇಂಡೋನೇಷ್ಯಾದಲ್ಲಿದೆ. ಅದಿರಿನ ಬೆಲೆಯಲ್ಲೂ ಕುಲುಮೆಗಳಿಗೆ ಅನುಕೂಲವಾಯಿತು. ರಫ್ತಿಗೆ ದಾರಿ ಇಲ್ಲದ್ದರಿಂದ ಗಣಿ ಮಾಲೀಕರು ಅಂತರರಾಷ್ಟ್ರೀಯ ದರಕ್ಕಿಂತ ಕಡಿಮೆಗೆ ಅದಿರನ್ನು ಕುಲುಮೆಗಳಿಗೇ ಮಾರಬೇಕಾಯಿತು. ನಿಷೇಧದ ನಿಜವಾದ ಲಾಭ ಹೋಗುತ್ತಿರುವುದು ಚೀನಾಕ್ಕೆ ಎಂದು ಇಂಡೋನೇಷ್ಯಾದ ಹೆಸರಾಂತ ಅರ್ಥಶಾಸ್ತ್ರಜ್ಞ ಫೈಸಲ್ ಬಸ್ರಿ ಬಹಿರಂಗವಾಗಿ ವಾದಿಸಿದ್ದರು. 2023ರಲ್ಲಿ ಅಧ್ಯಕ್ಷ ವಿಡೊಡೊ ಅವರೇ ಇದಕ್ಕೆ ಉತ್ತರಿಸಿ, ಸರ್ಕಾರಕ್ಕೆ ಬರುವ ತೆರಿಗೆ ಹೆಚ್ಚಾಗಿದೆ ಎಂದು ಸಮರ್ಥಿಸಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಬಸ್ರಿ ನಿಧನರಾದರು. ಚರ್ಚೆ ಮುಗಿದಿಲ್ಲ.

ಬಳಿಕ ಸರ್ಕಾರವೂ ಒಂದಿಷ್ಟು ಬಿಗಿ ಮಾಡಿತು. ನೈಸರ್ಗಿಕ ಸಂಪನ್ಮೂಲ ರಫ್ತಿನ ಗಳಿಕೆಯಲ್ಲಿ ಕನಿಷ್ಠ ಶೇ 30ರಷ್ಟನ್ನು ಮೂರು ತಿಂಗಳು ದೇಶದೊಳಗೆ ಇಡಬೇಕು ಎಂಬ ನಿಯಮ 2023ರಲ್ಲಿ ಬಂತು. 2025ರ ಮಾರ್ಚ್‌ನಿಂದ ತೈಲ, ಅನಿಲ ಬಿಟ್ಟು ಉಳಿದವಕ್ಕೆ ಅದನ್ನು ಶೇ 100ಕ್ಕೆ, ಒಂದು ವರ್ಷಕ್ಕೆ ಏರಿಸಲಾಯಿತು. 2025ರ ಏಪ್ರಿಲ್‌ನಲ್ಲಿ ನಿಕಲ್ ಅದಿರಿನ ರಾಜಧನವನ್ನು ಶೇ 10ರಿಂದ, ಬೆಲೆಗೆ ತಕ್ಕಂತೆ ಶೇ 14–19ಕ್ಕೆ ಹೆಚ್ಚಿಸಲಾಯಿತು.

ಇಷ್ಟೊಂದು ಕಲ್ಲಿದ್ದಲು ಏಕೆ ಬೇಕು?

ಇಂಡೋನೇಷ್ಯಾದ ನಿಕಲ್ ಇರುವುದು ಲ್ಯಾಟರೈಟ್ ಮಣ್ಣಿನಲ್ಲಿ. ನಮ್ಮ ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಮುರಕಲ್ಲು ಕೂಡ ಒಂದು ಬಗೆಯ ಲ್ಯಾಟರೈಟೇ. ಮಳೆ, ಬಿಸಿಲಿಗೆ ಬಂಡೆ ಲಕ್ಷಾಂತರ ವರ್ಷ ಸವೆದು ಉಳಿದ ಕೆಂಪು ಮಣ್ಣು ಅದು. ಮೂಲ ಬಂಡೆಯಲ್ಲಿ ನಿಕಲ್ ಇದ್ದ ಕಡೆ ಮಣ್ಣಿನಲ್ಲೂ ನಿಕಲ್ ಉಳಿಯುತ್ತದೆ. ಆದರೆ ಪ್ರಮಾಣ ಶೇ 1ರಿಂದ 2ರ ಆಸುಪಾಸು. ಅಂದರೆ ಒಂದು ಟನ್ ನಿಕಲ್‌ಗೆ 50ರಿಂದ 100 ಟನ್ ಅದಿರು ಬೇಕು.

ಈ ಅದಿರು ಆಳದಲ್ಲಿಲ್ಲ, ಮೇಲ್ಪದರದಲ್ಲೇ ಹರಡಿಕೊಂಡಿರುತ್ತದೆ. ಹೀಗಾಗಿ ಸುರಂಗ ತೋಡುವ ಬದಲು ಕಾಡು ಕಡಿದು, ಗುಡ್ಡದ ಮೇಲ್ಮಣ್ಣನ್ನೇ ಕೆರೆದು ತೆಗೆಯಬೇಕಾಗುತ್ತದೆ. ಮಳೆ ಬಂದರೆ ಉಳಿದ ಮಣ್ಣು ನದಿಗೆ, ಅಲ್ಲಿಂದ ಸಮುದ್ರಕ್ಕೆ ಹರಿಯುತ್ತದೆ.

ಸಂಸ್ಕರಣೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಅದಿರನ್ನು ತಿರುಗುವ ಗೂಡಿನಲ್ಲಿ ಒಣಗಿಸಿ, ವಿದ್ಯುತ್ ಕುಲುಮೆಯಲ್ಲಿ ಕರಗಿಸುವುದು. ಇದರಿಂದ ಸ್ಟೀಲ್‌ಗೆ ಬೇಕಾದ ನಿಕಲ್ ಮಿಶ್ರಿತ ಕಬ್ಬಿಣ ಸಿಗುತ್ತದೆ. ಇದಕ್ಕೆ ಅಪಾರ ವಿದ್ಯುತ್ ಬೇಕು. ಎರಡು, ಅದಿರನ್ನು ಸಲ್ಫ್ಯೂರಿಕ್ ಆಮ್ಲದ ಜೊತೆ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಬೇಯಿಸಿ ಬ್ಯಾಟರಿ ದರ್ಜೆಯ ನಿಕಲ್ ತೆಗೆಯುವುದು. ಇದಕ್ಕೆ ವಿದ್ಯುತ್ ಕಡಿಮೆ ಸಾಕು. ಆದರೆ ಹಾಕಿದ ಅದಿರಿನ ಬಹುಪಾಲು ಕೆಸರಾಗಿ ಹೊರಬರುತ್ತದೆ. ಭೂಕಂಪ ಮತ್ತು ಭಾರಿ ಮಳೆಯ ನಾಡಿನಲ್ಲಿ ಆ ಕೆಸರನ್ನು ಸುರಕ್ಷಿತವಾಗಿ ಇಡುವುದೇ ದೊಡ್ಡ ಸವಾಲು. 2025ರ ಮಾರ್ಚ್‌ನಲ್ಲಿ ಮೊರೊವಾಲಿಯಲ್ಲಿ ಇಂಥ ತ್ಯಾಜ್ಯದ ರಾಶಿ ಕುಸಿದು ಕಾರ್ಮಿಕರು ಮೃತಪಟ್ಟರು.

ವಿದ್ಯುತ್‌ಗೆ ಕಂಪನಿಗಳು ಆರಿಸಿಕೊಂಡಿದ್ದು ಅಗ್ಗದ ಕಲ್ಲಿದ್ದಲು. ಸರ್ಕಾರಿ ಜಾಲಕ್ಕೆ ಸೇರದೆ, ಕಾರ್ಖಾನೆಗಾಗಿಯೇ ಕಟ್ಟಿಕೊಂಡ ಇಂಥ ಸ್ಥಾವರಗಳನ್ನು 'ಕ್ಯಾಪ್ಟಿವ್' ಸ್ಥಾವರ ಎನ್ನುತ್ತಾರೆ. 2023ರ ಹೊತ್ತಿಗೆ ಇಂಡೋನೇಷ್ಯಾದಲ್ಲಿ ಇವುಗಳ ಸಾಮರ್ಥ್ಯ 10,000 ಮೆಗಾವಾಟ್ ದಾಟಿತ್ತು. ಇವುಗಳಲ್ಲಿ ಹೆಚ್ಚಿನವು ನಿಕಲ್ ಕುಲುಮೆಗಳಿಗಾಗಿಯೇ ಇವೆ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಅಂಥ ಸುಮಾರು ಆರು ಕೇಂದ್ರಗಳಿಗೆ ಇದು ಸಮ.

ಹವಾಮಾನ ಒಪ್ಪಂದಗಳು ಏನು ಮಾಡುತ್ತಿದ್ದವು?

ಕಾಗದದ ಮೇಲೆ ತಡೆ ಇತ್ತು. ವಿದೇಶಗಳಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಯೋಜನೆ ಕಟ್ಟುವುದಿಲ್ಲ ಎಂದು ಷಿ ಜಿನ್‌ಪಿಂಗ್ 2021ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಘೋಷಿಸಿದರು. ಆದರೆ ಕೈಗಾರಿಕಾ ಪ್ರದೇಶಗಳೊಳಗಿನ ಕ್ಯಾಪ್ಟಿವ್ ಸ್ಥಾವರಗಳ ನಿರ್ಮಾಣ ನಿಲ್ಲಲಿಲ್ಲ.

ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ತಡೆ ಹಾಕುವ ಆದೇಶವನ್ನು ಇಂಡೋನೇಷ್ಯಾ ಕೂಡ 2022ರಲ್ಲಿ ಹೊರಡಿಸಿತು. ಅದರಲ್ಲೂ ಒಂದು ಬಾಗಿಲು ತೆರೆದಿತ್ತು. ಸ್ಥಳೀಯ ಸಂಪನ್ಮೂಲದ ಮೌಲ್ಯ ಹೆಚ್ಚಿಸುವ ಉದ್ಯಮಗಳಿಗೆ ಷರತ್ತಿನ ಮೇಲೆ ವಿನಾಯಿತಿ ಸಿಕ್ಕಿತು. ಅದೇ ವರ್ಷ ಬಾಲಿಯ ಜಿ20 ಶೃಂಗಸಭೆಯಲ್ಲಿ ಶ್ರೀಮಂತ ದೇಶಗಳು ಕಲ್ಲಿದ್ದಲಿನಿಂದ ಹೊರಬರಲು ಇಂಡೋನೇಷ್ಯಾಗೆ 2,000 ಕೋಟಿ ಡಾಲರ್ ನೆರವಿನ ಯೋಜನೆ ಘೋಷಿಸಿದವು. 2023ರಲ್ಲಿ ಅದರ ನೀಲನಕ್ಷೆ ಬಂದಾಗ ಕ್ಯಾಪ್ಟಿವ್ ಸ್ಥಾವರಗಳು ಗುರಿಯಿಂದ ಹೊರಗೇ ಉಳಿದವು. 2025ರ ಮಾರ್ಚ್‌ನಲ್ಲಿ ಅಮೆರಿಕವೇ ಈ ಯೋಜನೆಯಿಂದ ಹಿಂದೆ ಸರಿಯಿತು.

ಹೀಗೆ ಹೊಗೆಯಿಲ್ಲದ ವಾಹನಕ್ಕೆ ಬೇಕಾದ ಲೋಹ ಹೊಗೆಯ ನಡುವೆಯೇ ತಯಾರಾಗುತ್ತಿದೆ.

ಸ್ಥಳೀಯರ ಪಾಡೇನು?

2023ರ ಡಿಸೆಂಬರ್ 24ರಂದು ಮೊರೊವಾಲಿಯ ಕುಲುಮೆಯೊಂದರಲ್ಲಿ ದುರಸ್ತಿ ಕೆಲಸದ ವೇಳೆ ಸ್ಫೋಟ ಸಂಭವಿಸಿತು. ಇಂಡೋನೇಷ್ಯಾ ಮತ್ತು ಚೀನಾದ 21 ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಜನವರಿಯಲ್ಲಿ ನೆರೆಯ ಉತ್ತರ ಮೊರೊವಾಲಿಯ ಕಾರ್ಖಾನೆಯಲ್ಲಿ ಸುರಕ್ಷತೆ, ವೇತನದ ಬೇಡಿಕೆಯೊಂದಿಗೆ ಶುರುವಾದ ಮುಷ್ಕರ ಗಲಭೆಗೆ ತಿರುಗಿ ಇಬ್ಬರು ಸತ್ತಿದ್ದರು.

ಕರಾವಳಿಯಲ್ಲಿ ಪೆಟ್ಟು ತಿಂದವರು ಮೀನುಗಾರರು. ದಡದ ಬಳಿಯೇ ಬಲೆ ಬೀಸುತ್ತಿದ್ದ ಬಾಜೋ ಸಮುದಾಯದವರು ಕೆಸರು ಮತ್ತು ಬಿಸಿನೀರಿನಿಂದಾಗಿ ಮೀನು ಅರಸಿ ದೂರ ಹೋಗಬೇಕಾಗಿದೆ ಎಂದು ದೂರುತ್ತಾರೆ. ದೂರ ಹೋದಷ್ಟೂ ಡೀಸೆಲ್ ಖರ್ಚು ಹೆಚ್ಚು, ಸಣ್ಣ ದೋಣಿಗೆ ಅಪಾಯವೂ ಹೆಚ್ಚು. ಹಲ್ಮಹೇರಾದ ಕಾಡಿನಲ್ಲಿ ಹೊರಜಗತ್ತಿನ ಸಂಪರ್ಕವಿಲ್ಲದೆ ಬದುಕುವ ಹೊಂಗಾನಾ ಮನ್ಯಾವಾ ಬುಡಕಟ್ಟಿನವರ ನೆಲೆಯ ಅಂಚಿಗೂ ಗಣಿಗಳು ಬಂದಿವೆ.

ವಿರೋಧ ಕೆಲವೆಡೆ ಫಲ ಕೊಟ್ಟಿದೆ. ಹವಳದ ದಿಬ್ಬಗಳಿಗೆ ಜಗತ್ಪ್ರಸಿದ್ಧವಾದ ಪಪುವಾದ ರಾಜಾ ಅಂಪಾತ್ ದ್ವೀಪಸಮೂಹದಲ್ಲಿ ನಿಕಲ್ ಗಣಿಗಾರಿಕೆ ವಿರುದ್ಧ ದೇಶವ್ಯಾಪಿ ಆಕ್ರೋಶ ಎದ್ದಾಗ, 2025ರ ಜೂನ್‌ನಲ್ಲಿ ಸರ್ಕಾರ ಅಲ್ಲಿನ ಐದು ಪರವಾನಗಿಗಳಲ್ಲಿ ನಾಲ್ಕನ್ನು ರದ್ದು ಮಾಡಿತು.

ಬೇರೆ ದಾರಿಯೇ ಇರಲಿಲ್ಲವೇ?

ಇತ್ತು. ಅದಕ್ಕೆ ಉದಾಹರಣೆ ಇದೇ ಸುಲವೆಸಿ ದ್ವೀಪದಲ್ಲೇ ಇದೆ. ದಕ್ಷಿಣ ಸುಲವೆಸಿಯ ಸೊರೊವಾಕೊದಲ್ಲಿ 1970ರ ದಶಕದಿಂದ ನಿಕಲ್ ಕುಲುಮೆ ನಡೆಯುತ್ತಿದೆ. ಅದು ವಿದ್ಯುತ್ ಪಡೆಯುವುದು ಲಾರೋನಾ ನದಿಯ ಮೂರು ಜಲವಿದ್ಯುತ್ ಕೇಂದ್ರಗಳಿಂದ. ಅಲ್ಲೂ ಭೂಮಿ ಕಳೆದುಕೊಂಡ ಸ್ಥಳೀಯರ ದೂರುಗಳಿವೆ. ಆದರೆ ಒಂದೇ ದ್ವೀಪ, ಅದೇ ಲ್ಯಾಟರೈಟ್ ಅದಿರು ಇದ್ದರೂ ವಿದ್ಯುತ್‌ನ ಮೂಲ ಬೇರೆ. ಕಲ್ಲಿದ್ದಲು ಅನಿವಾರ್ಯ ಎಂಬ ವಾದ ಪೂರ್ತಿ ನಿಜವಲ್ಲ ಎಂಬುದಕ್ಕೆ ಇದು ಸಾಕ್ಷಿ. ಅಣೆಕಟ್ಟೆ ಕಟ್ಟಲು ಹಣ ಮತ್ತು ವರ್ಷಗಳು ಬೇಕು, ಕಲ್ಲಿದ್ದಲು ಸ್ಥಾವರ ಬೇಗ ಎದ್ದು ನಿಲ್ಲುತ್ತದೆ. ವೇಗಕ್ಕೆ ಆದ್ಯತೆ ಕೊಟ್ಟಾಗ ಕಲ್ಲಿದ್ದಲು ಗೆದ್ದಿತು.

ಅದಿರು ಕೊಡುವುದಿಲ್ಲ ಎಂಬ ಒಂದೇ ಷರತ್ತಿನಿಂದ ಇಂಡೋನೇಷ್ಯಾ ಕಾರ್ಖಾನೆಗಳನ್ನು ತನ್ನ ನೆಲಕ್ಕೆ ತರಿಸಿಕೊಂಡಿತು. ಚೌಕಾಸಿಯ ಶಕ್ತಿ ಅದರ ಕೈಯಲ್ಲೇ ಇತ್ತು. ಆದರೆ ವಿದ್ಯುತ್ ಎಲ್ಲಿಂದ, ತ್ಯಾಜ್ಯ ಎಲ್ಲಿಗೆ, ತೆರಿಗೆ ಎಷ್ಟು ಎಂಬ ಪ್ರಶ್ನೆಗಳಲ್ಲಿ ಆ ಶಕ್ತಿಯನ್ನು ಅದು ಬಳಸಲಿಲ್ಲ.

ಈಗ ಷರತ್ತು ಹಾಕಬಹುದಲ್ಲ?

ಕಷ್ಟ, ಏಕೆಂದರೆ ಮಾರುಕಟ್ಟೆಯ ಗಾಳಿ ಬದಲಾಗಿದೆ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ ಬೆಲೆ ಕೆಲಕಾಲ ಟನ್‌ಗೆ 1 ಲಕ್ಷ ಡಾಲರ್ ದಾಟಿತ್ತು. ಇಂಡೋನೇಷ್ಯಾದ ಉತ್ಪಾದನೆ ಹೆಚ್ಚಿದಂತೆ ಬೆಲೆ ಕುಸಿದು, 2024ರ ಕೊನೆಗೆ 15–16 ಸಾವಿರ ಡಾಲರ್ ಆಸುಪಾಸಿಗೆ ಬಂತು. ಆಸ್ಟ್ರೇಲಿಯಾದಲ್ಲಿ ಬಿಎಚ್‌ಪಿ ತನ್ನ ನಿಕಲ್ ಘಟಕಗಳನ್ನು ಸ್ಥಗಿತಗೊಳಿಸಿತು. ನ್ಯೂ ಕ್ಯಾಲೆಡೋನಿಯಾದಲ್ಲೂ ಕುಲುಮೆ ಮುಚ್ಚಿತು. ಸ್ಪರ್ಧಿಗಳು ಕಣದಿಂದ ಹೊರಬಿದ್ದರು ನಿಜ. ಆದರೆ ಕಡಿಮೆ ಲಾಭದಲ್ಲಿ ನಡೆಯುವ ಕುಲುಮೆಗಳ ಮೇಲೆ ಹೊಸ ವೆಚ್ಚ ಹೇರುವುದು ಸರ್ಕಾರಕ್ಕೂ ಸುಲಭವಲ್ಲ.

ಇನ್ನೊಂದು ಕಡೆ, ನಿಕಲ್ ಇಲ್ಲದ ಎಲ್‌ಎಫ್‌ಪಿ ಬ್ಯಾಟರಿಗಳು ಬಂದಿವೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಈ ಅಗ್ಗದ ಬ್ಯಾಟರಿಗಳು 2024ರಲ್ಲಿ ಜಗತ್ತಿನ ಎಲೆಕ್ಟ್ರಿಕ್ ವಾಹನ ಬ್ಯಾಟರಿ ಮಾರುಕಟ್ಟೆಯ ಸುಮಾರು ಅರ್ಧದಷ್ಟನ್ನು ಹಿಡಿದವು. ಭಾರತದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ಕಾರುಗಳಲ್ಲೂ ಇವೇ ಹೆಚ್ಚು. ಹೊಸ ಅದಿರಿಗಾಗಿ ಕಾಯ್ದಿಟ್ಟ ಕಾಡುಗಳನ್ನು ಕಡಿಯುವಷ್ಟು ಬೇಡಿಕೆ ಮುಂದೆ ಇರುತ್ತದೆಯೇ ಎಂಬ ಪ್ರಶ್ನೆ ಈಗ ಇಂಡೋನೇಷ್ಯಾದೊಳಗೇ ಕೇಳಿಬರುತ್ತಿದೆ.

ಪರಿಸರ ಮಾನದಂಡ ಕೇಳುವ ಬಂಡವಾಳವೂ ಹಿಂಜರಿಯುತ್ತಿದೆ. ಜರ್ಮನಿಯ ಬಿಎಎಸ್‌ಎಫ್ ಮತ್ತು ಫ್ರಾನ್ಸ್‌ನ ಎರಾಮೆ ಕಂಪನಿಗಳು ವೇದಾ ಬೇಯಲ್ಲಿ ಹೂಡಬೇಕಿದ್ದ 260 ಕೋಟಿ ಡಾಲರ್ ಯೋಜನೆಯನ್ನು 2024ರ ಜೂನ್‌ನಲ್ಲಿ ಕೈಬಿಟ್ಟವು.

ಬಳ್ಳಾರಿ ಏನು ಹೇಳುತ್ತದೆ?

ಕನ್ನಡಿಗರಿಗೆ ಈ ಕಥೆಯ ಒಂದು ಭಾಗ ಹೊಸದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೂ ಮುನ್ನ ಚೀನಾದಲ್ಲಿ ಸ್ಟೀಲ್ ಬೇಡಿಕೆ ಏರಿದಾಗ ಬಳ್ಳಾರಿಯ ಕಬ್ಬಿಣದ ಅದಿರು ಲಾರಿ, ರೈಲು, ಹಡಗು ಹತ್ತಿ ಕಚ್ಚಾ ರೂಪದಲ್ಲೇ ಹೋಯಿತು. ಕಾರ್ಖಾನೆಯಾಗಿ ಬಂದ ಹಣ ಕಡಿಮೆ, ಅದಿರಾಗಿ ಹೋದ ಸಂಪತ್ತು ಹೆಚ್ಚು. ಕರ್ನಾಟಕ ಸರ್ಕಾರ 2010ರ ಜುಲೈನಲ್ಲಿ ಅದಿರು ರಫ್ತು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ಅದನ್ನು ವಿಸ್ತರಿಸಿತು.

ಗಣಿಗಾರಿಕೆ ಮತ್ತೆ ಶುರುವಾದಾಗ ಕೋರ್ಟ್ ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಎಂಬ ಮಿತಿ ಹಾಕಿತು. ಗಣಿಯ ಹಣದಲ್ಲೇ ಹಾಳಾದ ಪರಿಸರವನ್ನು ಸರಿಪಡಿಸಬೇಕು ಎಂದಿತು. ನೆಲ ಎಷ್ಟು ತಾಳಬಲ್ಲದು ಎಂಬುದರ ಮೇಲೆ ಉತ್ಪಾದನೆಯನ್ನು ನಿಗದಿ ಮಾಡುವ ಯೋಚನೆ ಅದು. ಆದರೆ ಅದು ಬಂದಿದ್ದು ಗುಡ್ಡಗಳು ಕರಗಿದ ಮೇಲೆ.

ಈಗ ಏಷ್ಯಾದ ಹಲವು ದೇಶಗಳು ಇದೇ ಕವಲಿನಲ್ಲಿವೆ. ಜಗತ್ತಿನ ಎರಡನೇ ದೊಡ್ಡ ನಿಕಲ್ ಉತ್ಪಾದಕ ದೇಶವಾದ ಫಿಲಿಪ್ಪೀನ್ಸ್ ಕೂಡ ಅದಿರು ರಫ್ತು ನಿಷೇಧಿಸಲು ಹೊರಟು, 2025ರ ಜೂನ್‌ನಲ್ಲಿ ಪ್ರಸ್ತಾವ ಕೈಬಿಟ್ಟಿತು. ಭಾರತ 2025ರ ಜನವರಿಯಲ್ಲಿ ನಿರ್ಣಾಯಕ ಖನಿಜಗಳ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ನೀಡಿದೆ. ಹೊಸ ಗಣಿ, ಹೊಸ ಸಂಸ್ಕರಣಾ ಘಟಕಗಳು ಇದರ ಗುರಿ.

ಬಂಡವಾಳ ತರಿಸಿಕೊಳ್ಳುವುದು ಸಾಧ್ಯ ಎಂಬುದನ್ನು ಇಂಡೋನೇಷ್ಯಾ ತೋರಿಸಿಕೊಟ್ಟಿದೆ. ಆದರೆ ಕುಲುಮೆ ಒಮ್ಮೆ ಹೊತ್ತಿಕೊಂಡ ಮೇಲೆ ಚೌಕಾಸಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ವಿದ್ಯುತ್, ತ್ಯಾಜ್ಯ, ತೆರಿಗೆ, ಕಾರ್ಮಿಕರ ಸುರಕ್ಷತೆ ಇವೆಲ್ಲ ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಇತ್ಯರ್ಥವಾಗಬೇಕಾದ ವಿಷಯಗಳು. ಮೊರೊವಾಲಿಯ ಮೀನುಗಾರರು ದೂರದ ಸಮುದ್ರಕ್ಕೆ ದೋಣಿ ಒಯ್ಯಬೇಕಾಗಿ ಬಂದಿರುವುದು, ಅವುಗಳನ್ನು ಆಮೇಲೆ ನೋಡೋಣ ಎಂದು ಬಿಟ್ಟಿದ್ದರಿಂದ.